ಮುಂದಿನ ಸೀಟಿನ ಹಟ

ಹೊರಡುವ ದಿನ ಬೆಳಿಗ್ಗೆ ಆರು ಗಂಟೆಗೆ ಗ್ಯಾರೇಜು ಮೇಸ್ತ್ರಿಯ ಹೆಂಡತಿ ಎಲ್ಲರಿಗಿಂತ ಮೊದಲು ಹೋಗಿ ಕಾರಿನ ಮುಂದಿನ ಸೀಟಿನಲ್ಲಿ ಕೂತುಬಿಟ್ಟಳು. ಸಾಮಾನು ಇನ್ನೂ ಬಾಗಿಲಲ್ಲೇ ಇತ್ತು. ಮೊಮ್ಮಗಳ ಒಂದು ಚಪ್ಪಲಿ ಸಿಕ್ಕಿರಲಿಲ್ಲ. ಅರವತ್ತೊಂದು ವರ್ಷದ ಹೆಂಗಸು ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಬಸ್ಸಿನಲ್ಲಿ ಟವೆಲ್ ಹಾಕಿ ಜಾಗ ಹಿಡಿದವರ ಹಾಗೆ, ಯಾರ ಮುಖವನ್ನೂ ನೋಡದೆ ಗಾಜಿನಾಚೆ ನೋಡುತ್ತ ಕೂತಿದ್ದಳು.

"ಅಮ್ಮ, ನಿನ್ನ ಸೊಸೆಗೆ ಗಾಡಿಯಲ್ಲಿ ಹೊಟ್ಟೆ ತೊಳಸುತ್ತೆ. ಮುಂದೆ ಕೂತ್ರೆ ಸ್ವಲ್ಪ ತಡ್ಕೋತಾಳೆ. ನೀನು ಹಿಂದೆ ಬಾ," ಎಂದ ಮಗ.

"ನಂಗೆ ಹಿಂದೆ ಆಗಲ್ಲ."

"ಯಾಕಾಗಲ್ಲ?"

"ಮಂಡಿ ನೋವು."

ಆ ಕಾರಿನಲ್ಲಿ ಕಾಲು ಚಾಚಲು ಜಾಗವಿರುವುದೇ ಹಿಂದಿನ ಸೀಟಿನಲ್ಲಿ. ಮಗನಿಗೆ ಅದು ಗೊತ್ತಿತ್ತು. ಆಕೆಗೂ ಗೊತ್ತಿತ್ತು. ಔಷಧಿ ಅಂಗಡಿಯಲ್ಲಿ ದಿನಕ್ಕೆ ನೂರು ಜನರ ಜೊತೆ ತಾಳ್ಮೆಯಿಂದ ಮಾತಾಡುವ ಮಗ, ಬೆಳಗಾಗೆದ್ದು ಜಗಳ ಯಾಕೆ ಎಂದು ಹಲ್ಲು ಕಚ್ಚಿಕೊಂಡು ಪೆಟ್ಟಿಗೆಗಳನ್ನು ಡಿಕ್ಕಿಗೆ ತುಂಬಿದ. ಸೊಸೆ ಒಂದು ನಿಂಬೆಹಣ್ಣು, ನಾಲ್ಕು ಪ್ಲಾಸ್ಟಿಕ್ ಚೀಲ ಹಿಡಿದು ಹಿಂದೆ ಹತ್ತಿದಳು. "ಪರವಾಗಿಲ್ಲ ಬಿಡಿ, ಅತ್ತೆ ಕೂತ್ಕೊಳ್ಳಲಿ," ಎಂದಳು. ಪರವಾಗಿಲ್ಲ ಎಂಬ ಮಾತಿನಲ್ಲಿ ಎಷ್ಟು ಬೇಸರ ಅಡಗಿಸಬಹುದೋ ಅಷ್ಟು ಅಡಗಿಸಿ ಹೇಳಿದಳು.

ಕಾರು ಮಗನಿಗಿಂತ ಇಪ್ಪತ್ತು ವರ್ಷ ದೊಡ್ಡದು. ದುಂಡು ದೀಪ, ಉಬ್ಬಿದ ಕೆನ್ನೆ, ಯಾರು ಅವಸರ ಮಾಡಿದರೂ ತನ್ನ ನಡಿಗೆ ಬದಲಿಸದ ಗತ್ತು. ಮನೆಯವರು ಅದನ್ನು ದೊಡ್ಡಪ್ಪ ಅಂತಲೇ ಕರೆಯುವುದು. ಈ ದೊಡ್ಡಪ್ಪನನ್ನು ಆರುನೂರ ಇಪ್ಪತ್ತು ಕಿಲೋಮೀಟರು ನಡೆಸಿಕೊಂಡು ಹೋಗಬೇಕಿತ್ತು, ಎರಡು ದಿನದ ದಾರಿ. ಅಲ್ಲೊಬ್ಬ ಗಿರಣಿ ಮಾಲೀಕರು ಹನ್ನೊಂದು ಹಳೆಯ ಕಾರುಗಳನ್ನು ಒಂದು ದೊಡ್ಡ ಶೆಡ್ಡಿನಲ್ಲಿ ಇಟ್ಟಿದ್ದರು. ಅವನ್ನೆಲ್ಲ ನೋಡಿಕೊಳ್ಳಲು ಒಬ್ಬ ಹಿರಿಯ ಮೆಕ್ಯಾನಿಕ್ ಬೇಕು, ಇರಲು ಮನೆಯನ್ನೂ ಕೊಡುತ್ತೇವೆ, ನಿಮ್ಮ ಗಾಡಿಯಲ್ಲೇ ಬನ್ನಿ, ನೀವದನ್ನು ಹೇಗಿಟ್ಟಿದ್ದೀರಿ ನೋಡೋಣ ಎಂದು ಮೇಸ್ತ್ರಿಗೆ ಪತ್ರ ಬರೆದಿದ್ದರು. ಶಾಲೆಗೆ ರಜೆ ಇತ್ತು. ಅಪ್ಪ ಅಮ್ಮ ಇನ್ನು ಮುಂದೆ ಇರುವ ಮನೆ ಹೇಗಿದೆ ನೋಡಿಬರೋಣ ಎಂದು ಮಗನೂ ಸಂಸಾರ ಸಮೇತ ಹೊರಟಿದ್ದ.

ಆ ಪತ್ರ ಬಂದ ದಿನ ಮೇಸ್ತ್ರಿ ಅದನ್ನು ಮೂರು ಸಲ ಓದಿ, ಮಡಚಿ, ಅಂಗಿಯ ಜೇಬಿನಲ್ಲಿಟ್ಟುಕೊಂಡು ಊಟಕ್ಕೆ ಕೂತಿದ್ದರು. ಈಗಿನ ಗಾಡಿಗಳಿಗೆ ಒಂದು ವೈರು ಚುಚ್ಚಿದರೆ ರೋಗ ಏನೆಂದು ಪರದೆಯ ಮೇಲೆ ಬರುತ್ತದೆ. ಮೇಸ್ತ್ರಿಯ ಗ್ಯಾರೇಜಿಗೆ ವಾರಕ್ಕೊಂದು ಗಾಡಿ ಬಂದರೆ ಹೆಚ್ಚು. ಉಳಿದ ದಿನ ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸುತ್ತ ಕೂರುವುದು. ಹನ್ನೊಂದು ಹಳೆಯ ಕಾರು ಅಂದರೆ ಅವರಿಗೆ ಸ್ವರ್ಗಕ್ಕೆ ಮೂರೇ ಗೇಣು. ಹೆಂಡತಿಗೆ ಮಾತ್ರ ಅವತ್ತಿನಿಂದ ಸರಿಯಾಗಿ ನಿದ್ದೆಯಿಲ್ಲ.

ಯಾಕೆಂದರೆ ಗಿರಣಿ ಮಾಲೀಕರು ಕರೆದದ್ದು ಕಿವಿ ಮೇಸ್ತ್ರಿಯನ್ನು. ಹಾಗೆಂದೇ ಅವರ ಹೆಸರು ಊರೂರು ಸುತ್ತಿತ್ತು. ಗಾಡಿ ಗೇಟು ದಾಟುವ ಮೊದಲೇ, ಬಾನೆಟ್ ಎತ್ತದೆ, ಬರೀ ಸದ್ದು ಕೇಳಿ ಒಳಗಿನ ರೋಗ ಹೇಳುತ್ತಿದ್ದರು. ಸದ್ದುಗಳಿಗೆ ಅವರೇ ಹೆಸರಿಟ್ಟಿದ್ದರು: ಬಳೆ ಸದ್ದು ಅಂದರೆ ವಾಲ್ವು ಸಡಿಲ, ಗೊರಕೆ ಅಂದರೆ ಸೈಲೆನ್ಸರಿನಲ್ಲಿ ತೂತು. ಗ್ಯಾರೇಜಿನ ಹಿಂದೆಯೇ ಮನೆ. ಆಕೆ ಮೂವತ್ತಾರು ವರ್ಷ ಅಡುಗೆಮನೆಯ ಕಿಟಕಿಯಿಂದ ಆ ಸದ್ದುಗಳನ್ನೂ ಆ ಹೆಸರುಗಳನ್ನೂ ಕೇಳಿದ್ದಳು. ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

ನಾಲ್ಕು ವರ್ಷದ ಹಿಂದೆ ಮೇಸ್ತ್ರಿಯ ಕಿವಿ ಕೈಕೊಟ್ಟಿತು. ಪೂರ್ತಿ ಅಲ್ಲ. ಎದುರಿಗೆ ನಿಂತು ಮಾತಾಡಿದರೆ ತಿಳಿಯುತ್ತಿತ್ತು. ಎಂಜಿನ್ನಿನ ಒಳಗಿನ ಸಣ್ಣ ಸದ್ದುಗಳು ಮಾತ್ರ ಒಂದೊಂದಾಗಿ ಹೋಗಿ, ಉಳಿದದ್ದು ಬರೀ ಗುರ್ ಎನ್ನುವ ಗದ್ದಲ. ದೊಡ್ಡಪ್ಪನ ಗೇರು ಬದಲಿಸಲು ಕ್ಲಚ್ಚನ್ನು ಎರಡು ಸಲ ತುಳಿಯಬೇಕು, ಎರಡನೆಯ ಸಲ ತುಳಿಯುವ ಗಳಿಗೆಯನ್ನು ಎಂಜಿನ್ನೇ ಹೇಳಬೇಕು. ಕೇಳದಿದ್ದರೆ ಹಲ್ಲಿಗೆ ಹಲ್ಲು ಸಿಕ್ಕಿ, ಕಬ್ಬಿಣದ ಬಕೆಟ್ಟನ್ನು ಕಲ್ಲಿನ ಮೇಲೆ ಎಳೆದ ಹಾಗೆ ಕರ್ರ್ ಎನ್ನುತ್ತದೆ. ಅಂಥದೊಂದು ಕರ್ರ್ ಒಂದು ದಿನ ದಿಬ್ಬದ ಮೇಲೆ ಆಯಿತು. ಪಕ್ಕದಲ್ಲಿ ಆಕೆ ಕೂತಿದ್ದಳು. ಮುಂದಿನ ದಿಬ್ಬದಲ್ಲಿ ಕೈ ತಾನಾಗಿಯೇ ಹೋಗಿ ಗಂಡನ ಮಂಡಿಯ ಮೇಲೆ ಒಮ್ಮೆ ತಟ್ಟಿತು. ಗೇರು ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಬಿತ್ತು.

ಅಂದಿನಿಂದ ಒಂದು ತಟ್ಟಿದರೆ ಮೇಲಿನ ಗೇರು, ಎರಡು ತಟ್ಟಿದರೆ ಕೆಳಗಿನದು. ಗ್ಯಾರೇಜಿನಲ್ಲಿ ಇನ್ನೊಂದು ದಾರಿ. ಚಾ ತರುವ ನೆಪದಲ್ಲಿ ಬಂದು ಗಂಡನ ಎದುರು ನಿಂತು, "ಅಬ್ಬಬ್ಬ, ಆ ನೀಲಿ ಗಾಡಿ ಬಳೆ ಸದ್ದಿಗೆ ತಲೆ ಸಿಡೀತಿದೆ, ಮೊದಲು ನಿಲ್ಲಿಸ್ರಿ," ಎಂದು ಗೊಣಗುವುದು. ಮೇಸ್ತ್ರಿ ಹೋಗಿ ವಾಲ್ವಿನ ಮುಚ್ಚಳ ತೆಗೆಯುವುದು. ಕಿವಿ ಮೇಸ್ತ್ರಿಯ ಕಿವಿ ಇನ್ನೂ ಎಷ್ಟು ಚುರುಕು ನೋಡಿ, ಪಾಪ ಆ ಹೆಂಡತಿಯ ಕಾಟ ಒಂದು ಇಲ್ಲದಿದ್ದರೆ ಎಂದು ಗಿರಾಕಿಗಳು ಮಾತಾಡಿಕೊಂಡರು. ಅದು ಆಕೆಯ ಕಿವಿಗೂ ಬಿತ್ತು. ನುಂಗಿಕೊಂಡಳು.

ಇದನ್ನು ಗಂಡ ಹೆಂಡತಿ ಒಂದು ದಿನವೂ ಬಾಯಿಬಿಟ್ಟು ಆಡಿರಲಿಲ್ಲ. ಮೇಸ್ತ್ರಿಗೆ ಇದೆಲ್ಲ ಗೊತ್ತೋ, ಅಥವಾ ಹೆಂಡತಿಗೆ ತಟ್ಟುವ, ಗೊಣಗುವ ಚಾಳಿ ಅಂತ ತಿಳಿದಿದ್ದಾರೋ ಆಕೆಗೆ ಗೊತ್ತಿರಲಿಲ್ಲ. ಕೇಳಲು ಧೈರ್ಯವೂ ಇರಲಿಲ್ಲ. ಆ ಮನುಷ್ಯನಿಗೆ ಇದ್ದ ಆಸ್ತಿ ಎಂದರೆ ಆ ಕಿವಿಯ ಹೆಸರೊಂದೇ. ಅದು ಹೋಯಿತು ಎಂದು ಮುಖಕ್ಕೆ ಹೇಳುವವಳು ತಾನಾಗಬಾರದು ಎಂಬುದಷ್ಟೇ ಆಕೆಯ ಹಟ. ಈಗ ಆರುನೂರು ಕಿಲೋಮೀಟರು ಆಚೆ ಆ ಹೆಸರನ್ನು ಪರೀಕ್ಷೆಗೆ ಒಡ್ಡುವವರಿದ್ದರು. ಅಲ್ಲಿಯವರೆಗಾದರೂ ಅದನ್ನು ಒಡೆಯದಂತೆ ತಲುಪಿಸಬೇಕು, ಅದಕ್ಕೆ ಮುಂದಿನ ಸೀಟು ಬೇಕೇ ಬೇಕು.

ಮೊದಲ ದಿನ ದೊಡ್ಡಪ್ಪ ಮರ್ಯಾದೆಯಿಂದಲೇ ನಡೆದ. ನಲವತ್ತು ಕಿಲೋಮೀಟರಿಗೊಮ್ಮೆ ನಿಲ್ಲಿಸಿ ರೇಡಿಯೇಟರಿಗೆ ನೀರು ಕುಡಿಸಬೇಕು. ನಿಲ್ಲಿಸಿದಲ್ಲೆಲ್ಲ ಜನ ಸೇರಿ ಫೋಟೋ ತೆಗೆದುಕೊಂಡರು. ಹತ್ತು ವರ್ಷದ ಮೊಮ್ಮಗಳನ್ನು ಗುಬ್ಬಿ ಎಂದು ಕರೆಯುತ್ತಿದ್ದರು. ಅವಳು ಬಾನೆಟ್ಟಿಗೆ ಒರಗಿ, ಕೇಳಿದವರಿಗೂ ಕೇಳದವರಿಗೂ ಗಾಡಿಯ ವಯಸ್ಸು ಹೇಳುತ್ತಿದ್ದಳು. ಹಿಂದಿನ ಸೀಟಿನಲ್ಲಿ ಸೊಸೆ ನಿಂಬೆಹಣ್ಣು ಮೂಸುತ್ತ, ಕಣ್ಣು ಮುಚ್ಚಿ, ಮಧ್ಯಾಹ್ನದೊಳಗೆ ಮೂರು ಚೀಲ ಮುಗಿಸಿದ್ದಳು.

"ಅಜ್ಜಿ, ನೀನ್ಯಾಕೆ ತಾತನ ಕಾಲಿಗೆ ಹೊಡೀತಾನೇ ಇರ್ತೀಯ?" ಎಂದಳು ಗುಬ್ಬಿ, ಎರಡು ಸೀಟಿನ ನಡುವೆ ತಲೆ ತೂರಿಸಿ.

"ಸೊಳ್ಳೆ."

"ಇಷ್ಟೊಂದು ಸೊಳ್ಳೇನಾ? ನಂಗೊಂದೂ ಕಚ್ಚಿಲ್ಲ."

"ನಿಂಗೆ ರಕ್ತ ಎಲ್ಲಿದೆ, ಕೂತ್ಕೊ ಸುಮ್ನೆ."

ಸಂಜೆ ಹೆದ್ದಾರಿ ಪಕ್ಕದ ವಸತಿಗೃಹ ಸೇರಿದಾಗ ಸೊಸೆಗೆ ನಿಲ್ಲಲು ಆಗುತ್ತಿರಲಿಲ್ಲ. ಗೋಡೆ ಹಿಡಿದು ಮೆಟ್ಟಿಲು ಹತ್ತಿದಳು. ಅತ್ತೆ ಹಿಂದೆಯೇ ಹತ್ತಿದಳು. ಸೊಸೆ ಒಳ್ಳೆಯ ಹುಡುಗಿ, ಹುಷಾರಿಲ್ಲದಾಗ ತನ್ನ ತಲೆ ಬಾಚಿದವಳು. ಬಿಸಿನೀರು ತಂದುಕೊಟ್ಟು, "ಸ್ವಲ್ಪ ಕುಡಿಯಮ್ಮ," ಎಂದಳು. ಸೊಸೆ ಲೋಟ ತೆಗೆದುಕೊಂಡಳು, ಮುಖ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಮಗನೇ ಮೊದಲು ಇಳಿದುಬಂದಿದ್ದ. ಅಮ್ಮ ಬರುವಷ್ಟರಲ್ಲಿ ಹೆಂಡತಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಸೊಸೆಯ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು. ಅತ್ತೆ ಹಿಂದೆ ಹತ್ತಿದಳು. ಮೇಸ್ತ್ರಿ ಒಂದು ಸಲ ತಿರುಗಿ ಹಿಂದಿನ ಸೀಟು ನೋಡಿದರು, ಗಾಡಿ ಹೊರಡಿಸಿದರು.

ಬಯಲಿನಲ್ಲಿ ತೊಂದರೆಯಾಗಲಿಲ್ಲ. ಆಕೆ ಸೀಟಿನ ತುದಿಗೆ ಸರಿದು ಗಂಡನ ಭುಜದ ಮೇಲೆ ಕೈ ಇಟ್ಟುಕೊಂಡು ತಟ್ಟುತ್ತಿದ್ದಳು. "ಅಜ್ಜಿಗೆ ತಾತನ್ನ ಬಿಟ್ಟಿರೋಕೆ ಆಗಲ್ಲ," ಎಂದು ಗುಬ್ಬಿ ಕಿಸಕ್ಕೆಂದಳು. ಆದರೆ ಹಿಂದೆ ಕೂತರೆ ಗಾಳಿಯ ಸದ್ದೇ ಜಾಸ್ತಿ, ಎಂಜಿನ್ನಿನ ದನಿ ಅರ್ಧ ಮಾತ್ರ ಬರುತ್ತದೆ. ಹನ್ನೊಂದು ಗಂಟೆಗೆ ಗುಡ್ಡದ ತಿರುವು ರಸ್ತೆ ಶುರುವಾಯಿತು. ಮುಂದೆ ಒಂದು ಲಾರಿ, ಹಿಂದೆ ಒಂದು ಬಸ್ಸು. ಮೂರನೆಯ ತಿರುವಿನಲ್ಲಿ ಆಕೆ ಒಂದು ಉಸಿರು ತಡವಾಗಿ ತಟ್ಟಿದಳು.

ಕರ್ರ್ ಎಂದು ಇಡೀ ಗಾಡಿ ನಡುಗಿತು. ಗೇರು ಬೀಳಲಿಲ್ಲ. ದೊಡ್ಡಪ್ಪ ಒಂದು ಕ್ಷಣ ನಿಂತು, ನಿಧಾನವಾಗಿ ಹಿಂದೆ ಜಾರತೊಡಗಿದ. ಬಸ್ಸಿನವನು ಹಾರನ್ ಒತ್ತಿ ಹಿಡಿದ. ಸೊಸೆ ಕಿರುಚಿದಳು. ಮೇಸ್ತ್ರಿ ಬ್ರೇಕು ತುಳಿದು, ಕೈಬ್ರೇಕು ಎಳೆದು, ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದರು. ಬಸ್ಸಿಗೂ ಡಿಕ್ಕಿಗೂ ನಡುವೆ ಒಂದು ಆಳು ನಿಲ್ಲುವಷ್ಟು ಜಾಗ ಉಳಿದಿತ್ತು.

"ಕಾಲು ಜಾರಿತು," ಎಂದರು ಮೇಸ್ತ್ರಿ.

ಆಕೆ ಆಗಲೇ ಕೆಳಗಿಳಿದು ಮುಂದಿನ ಬಾಗಿಲು ತೆಗೆದಿದ್ದಳು. "ಏಳಮ್ಮ. ನಾನು ಕೂರಬೇಕು."

"ಅಮ್ಮ!" ಮಗ ರಸ್ತೆಯಲ್ಲೇ ಕೂಗಾಡಿದ. "ಎಲ್ಲರೂ ಈಗ ಸಾಯ್ತಿದ್ವಿ. ಇವಳಿಗೆ ನಿನ್ನೆಯಿಂದ ಹೊಟ್ಟೇಲಿ ಒಂದು ಹನಿ ನೀರು ನಿಂತಿಲ್ಲ. ನಿಂಗೆ ಸೀಟೇ ಮುಖ್ಯ ಆಯ್ತಾ? ಇಷ್ಟು ಕಲ್ಲುಮನಸ್ಸು ಅಂತ ನಂಗೊತ್ತಿರಲಿಲ್ಲ. ಸ್ವಾರ್ಥಕ್ಕೂ ಒಂದು ಮಿತಿ ಇರ್ಬೇಕು."

"ಅನ್ನು. ಏನು ಬೇಕಾದ್ರೂ ಅನ್ನು. ನಾನು ಮುಂದೇನೇ ಕೂರೋದು."

ಸೊಸೆ ಒದ್ದೆ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ತಾನೇ ಇಳಿದು ಹಿಂದೆ ಹೋದಳು. ಆಕೆ ಮುಂದೆ ಕೂತು ಬಾಗಿಲು ಎಳೆದುಕೊಂಡಳು. ಹೆತ್ತ ಮಗನ ಬಾಯಲ್ಲಿ ಅಂಥ ಮಾತು ಕೇಳಿದ್ದು ಇದೇ ಮೊದಲು. ಅತ್ತರೆ ಎಂಜಿನ್ನು ಕೇಳಿಸುವುದಿಲ್ಲವಲ್ಲ, ಅದಕ್ಕೇ ಅಳು ತಡೆದುಕೊಂಡಳು. ಉಳಿದ ಗುಡ್ಡವನ್ನು ದೊಡ್ಡಪ್ಪ ಒಂದೇ ಒಂದು ಅಪಸ್ವರವಿಲ್ಲದೆ ಏರಿದ.

ಗುಡ್ಡ ಇಳಿದ ಮೇಲೆ ನೀರಿಗೆ ನಿಲ್ಲಿಸಿದಾಗ ಮೇಸ್ತ್ರಿ ಗುಬ್ಬಿಯನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋದರು. ಬಗ್ಗಿ ಏನೋ ಕೇಳಿದರು. ಗುಬ್ಬಿ ಅವರ ಕಿವಿಗೆ ಬಾಯಿ ಹಚ್ಚಿ, ಕೈ ಆಡಿಸುತ್ತ, ಅಪ್ಪನ ಹಾಗೆ ಹುಬ್ಬು ಗಂಟಿಕ್ಕಿ, ಬಹಳ ಹೊತ್ತು ಹೇಳಿದಳು. ಆಕೆ ಕಾರಿನಿಂದಲೇ ನೋಡಿದಳು. ಕೂಸು ನೀರು ಚೆಲ್ಲಿದ್ದಕ್ಕೆ ನೆಪ ಹೇಳುತ್ತಿರಬೇಕು ಎಂದುಕೊಂಡಳು.

ಸಂಜೆಗೆ ಊರು ತಲುಪಿದರು. ಗಿರಣಿ ಮಾಲೀಕರು ಮಿತಭಾಷಿ, ಬಿಳಿ ಅಂಗಿಯ ತೋಳು ಮಡಚಿದ ಎತ್ತರದ ಮನುಷ್ಯ. ಎಲ್ಲರಿಗೂ ಚಾ ಕೊಡಿಸಿ, ದೊಡ್ಡಪ್ಪನ ಸುತ್ತ ಎರಡು ಸುತ್ತು ಹಾಕಿ, ಬಾಗಿಲಿನ ಕೀಲು ಮುಟ್ಟಿ ನೋಡಿ ತಲೆದೂಗಿದರು. ಆಮೇಲೆ ಶೆಡ್ಡಿನ ನಡುವೆ ನಿಂತಿದ್ದ ಕೆನೆಬಣ್ಣದ ಉದ್ದನೆಯ ಕಾರಿನ ಹತ್ತಿರ ಕರೆದೊಯ್ದರು.

"ಮೂರು ಜನ ಮೆಕ್ಯಾನಿಕ್ಕುಗಳು ಬಂದು ಹೋದ್ರು ಮೇಸ್ತ್ರಿಗಳೇ. ಮೂವರೂ ವಾಲ್ವು ಸಡಿಲ ಅಂದ್ರು, ಬಿಗಿ ಮಾಡಿದ್ರು. ಗಾಡಿಗೆ ಶಕ್ತಿನೇ ಇಲ್ಲ, ನಿಂತಲ್ಲೇ ತೂರಾಡುತ್ತೆ. ನಿಮ್ಮ ಕಿವಿ ಏನು ಹೇಳುತ್ತೋ ನೋಡೋಣ."

ಎಂಜಿನ್ನು ಶುರುವಾಯಿತು. ಮೇಸ್ತ್ರಿ ಬಾನೆಟ್ಟಿನ ಕೆಳಗೆ ಬಗ್ಗಿದರು. ಮಗ, ಸೊಸೆ, ಗುಬ್ಬಿ ಗೋಡೆಯ ಪಕ್ಕದ ಬೆಂಚಿನಲ್ಲಿದ್ದರು. ಆಕೆ ಬೆಂಚಿನ ಮುಂದೆ ನಿಂತೇ ಇದ್ದಳು. ಬಳೆ ಸದ್ದು ಅವಳಿಗೆ ಕೂಡಲೇ ಸಿಕ್ಕಿತು. ಅದರ ಅಡಿಯಲ್ಲಿ ಇನ್ನೊಂದಿತ್ತು: ಬಿಸಿ ಚಾವನ್ನು ತಟ್ಟೆಯಿಂದ ಹೀರಿದ ಹಾಗೆ ಸೊರ್, ಸೊರ್. ಎಲ್ಲೋ ಸಂದಿಯಲ್ಲಿ ಗಾಳಿ ನುಗ್ಗುತ್ತಿತ್ತು. ಮೊದಲು ಬಂದ ಮೂವರು ಮೆಕ್ಯಾನಿಕ್ಕುಗಳೂ ಬಳೆ ಸದ್ದಿನ ಹಿಂದೆ ಬಿದ್ದು ಇದನ್ನು ಬಿಟ್ಟಿದ್ದರು. ಹೇಳಬೇಕು, ಆದರೆ ಹೇಗೆ? ಮೇಸ್ತ್ರಿ ಅತ್ತ ಮುಖ ಮಾಡಿದ್ದರು. ಗೊಣಗಲು ಇದು ತನ್ನ ಮನೆಯಲ್ಲ. ಎರಡು ಹೆಜ್ಜೆ ಮುಂದಿಟ್ಟಳು.

"ನೀವು ಕೂತ್ಕೊಳ್ಳಿ ಅಮ್ಮ, ಎಣ್ಣೆ ಗಿಣ್ಣೆ ಸಿಡಿಯುತ್ತೆ," ಎಂದರು ಗಿರಣಿ ಮಾಲೀಕರು, ಮರ್ಯಾದೆಯಿಂದಲೇ.

ಕಾಲು ಅಲ್ಲೇ ನಿಂತಿತು. ಗಂಡನ ಬಗ್ಗಿದ ಬೆನ್ನು ನೋಡುತ್ತ, ಇಲ್ಲಿಯವರೆಗೆ ಕರೆತಂದೆ, ಇನ್ನು ಹತ್ತು ಹೆಜ್ಜೆ ಉಳಿದುಬಿಟ್ಟಿತಲ್ಲ ಎಂದುಕೊಂಡಳು. ಮೇಸ್ತ್ರಿಯೂ ವಾಲ್ವು ಎಂದರೆ ಇವತ್ತಿಗೆ ಎಲ್ಲ ಮುಗಿಯಿತು.

ಮೇಸ್ತ್ರಿ ನೆಟ್ಟಗೆ ನಿಂತರು. ಕೈಯನ್ನು ಬಟ್ಟೆಗೆ ಒರೆಸಿಕೊಂಡರು. ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೆಂಡತಿಯನ್ನು ಕರೆದರು.

"ಬಾ ಇಲ್ಲಿ. ಏನು ಹೇಳ್ತಿದೆ ಇದು?"

ಆಕೆ ಮಾಲೀಕರ ಮುಖ ನೋಡಿದಳು. "ನಂಗೇನು ಗೊತ್ತಾಗುತ್ತೆ..."

"ನಿಂಗಲ್ಲದೆ ಇನ್ಯಾರಿಗೆ ಗೊತ್ತಾಗುತ್ತೆ? ಬಾ."

ಹೋದಳು. ಅವರ ಎದುರು ನಿಂತು ಹೇಳಿದಳು. "ಬಳೆ ಸದ್ದಿದೆ, ಅದು ದೊಡ್ಡದಲ್ಲ. ಅದರ ಕೆಳಗೆ ಯಾರೋ ಚಾ ಹೀರ್ತಿದ್ದಾರೆ. ಈ ಕಡೆಯಿಂದ, ಹಿಂದುಗಡೆ."

ಮೇಸ್ತ್ರಿ ಎಣ್ಣೆ ಕ್ಯಾನು ತೆಗೆದುಕೊಂಡು, ಗಾಳಿಯ ಕೊಳವೆ ಎಂಜಿನ್ನಿಗೆ ಸೇರುವ ಸಂದಿನ ಹಿಂದಿನ ಮೂಲೆಗೆ ನಾಲ್ಕು ಹನಿ ಬಿಟ್ಟರು. ಸೊರ್ ಎನ್ನುವುದು ನಿಂತಿತು. ತೂರಾಡುತ್ತಿದ್ದ ಎಂಜಿನ್ನು ಒಂದೇ ಹದಕ್ಕೆ ಬಂದು ಗಟ್ಟಿಯಾಗಿ ಓಡಿತು. ಎಣ್ಣೆ ಒಳಗೆ ಎಳೆದುಕೊಂಡ ಮೇಲೆ ಮತ್ತೆ ತೂರಾಡಿತು; ಗಾಳಿ ನುಗ್ಗುತ್ತಿದ್ದುದು ಅಲ್ಲಿಂದಲೇ. ಗಿರಣಿ ಮಾಲೀಕರು ಕೀಲಿ ತಿರುಗಿಸಿ ನಿಲ್ಲಿಸಿದರು.

"ಸಾರ್, ನನ್ನ ಕಿವಿ ಹೋಗಿ ನಾಲ್ಕು ವರ್ಷ ಆಯ್ತು," ಎಂದರು ಮೇಸ್ತ್ರಿ. "ನೀವು ಕೇಳಿರೋ ಹೆಸರು ನಂದು, ಕಿವಿ ಇವಳದ್ದು. ಕೈ ಇನ್ನೂ ನಂದೇ, ಗಟ್ಟಿಯಾಗಿದೆ. ಬೇಕಾದ್ರೆ ಇಬ್ಬರನ್ನೂ ಇಟ್ಕೊಳ್ಳಿ, ಬೇಡಾಂದ್ರೆ ಚಾ ಚೆನ್ನಾಗಿತ್ತು, ಹೊರಡ್ತೀವಿ."

ಆಮೇಲೆ ಬೆಂಚಿನ ಕಡೆ ತಿರುಗಿದರು. "ಲೋ, ನಿಮ್ಮಮ್ಮ ಮುಂದೆ ಕೂತಿದ್ದು ಆಸೆಗಲ್ಲ. ಅವಳು ತಟ್ಟದಿದ್ರೆ ನಂಗೆ ಗೇರು ಹಾಕೋಕೆ ಬರಲ್ಲ. ಗುಡ್ಡದ ಮೇಲೆ ನೋಡಿದೆಯಲ್ಲ. ನೀನು ಅವಳಿಗೆ ಅಂದಿದ್ದೆಲ್ಲ ಗುಬ್ಬಿ ಹೇಳಿದಳು ನಂಗೆ. ಸ್ವಾರ್ಥ ಅಂತೆ. ನನ್ನ ಮಾನ ಕಾಯೋಕೆ ಅವಳು ನಿನ್ನ ಬಾಯಲ್ಲಿ ಅದನ್ನ ಕೇಳ್ಬೇಕಾಯ್ತು. ಅಂಥ ಮಾನ ಬೇಡ ನಂಗೆ."

ಮಗ ಎದ್ದು ನಿಂತ. ಸೊಸೆ ಬಂದು ಅತ್ತೆಯ ಕೈ ಹಿಡಿದುಕೊಂಡಳು. ಗಿರಣಿ ಮಾಲೀಕರು ಕೆನೆಬಣ್ಣದ ಕಾರಿನ ಬಾನೆಟ್ ಮುಚ್ಚಿದರು. ಆಮೇಲೆ, "ಅಮ್ಮಾ, ಆ ಮೂಲೇಲಿ ಇನ್ನೊಂದು ಗಾಡಿ ಇದೆ. ಅದನ್ನೂ ಸ್ವಲ್ಪ ಕೇಳ್ತೀರಾ?" ಎಂದರು.

"ಕೇಳ್ತೀನಿ. ಒಂದು ನಿಮಿಷ ತಡೀರಿ," ಎಂದಳು ಆಕೆ. ಕಣ್ಣೀರು ಧಾರಾಕಾರ ಇಳಿಯುತ್ತಿತ್ತು, ಮುಖ ಮಾತ್ರ ಸಿಟ್ಟಿನಿಂದ ಕೆಂಪಾಗಿತ್ತು. "ಮೊದಲು ಇವರ ಹತ್ರ ಜಗಳ ಆಡೋದಿದೆ."

ನಾಲ್ಕು ವರ್ಷದಿಂದ ಆಕೆ ಗಂಡನ ಹತ್ತಿರ ದನಿ ಎತ್ತಿರಲಿಲ್ಲ. ಎತ್ತಿದರೆ ಯಾಕೆ ಕೂಗುತ್ತಿದ್ದಾಳೆ ಎಂದು ಜನರಿಗೆ ಗೊತ್ತಾಗುತ್ತದೆ ಎಂಬ ಹೆದರಿಕೆ. ಈಗ ಗಂಡನ ಅಂಗಿಯ ತೋಳು ಹಿಡಿದು ಹತ್ತಿರಕ್ಕೆ ಎಳೆದು, ಅವರ ಕಿವಿಗೆ ಬಾಯಿಟ್ಟು, ಹನ್ನೊಂದು ಕಾರಿನ ಗಾಜೂ ಅದುರುವ ಹಾಗೆ ಕೂಗಿದಳು.

"ನಾಲ್ಕು ವರ್ಷ ಉಸಿರು ಬಿಗಿ ಹಿಡ್ಕೊಂಡು ಬದುಕಿದೀನಿ! ಗೊತ್ತು ಅಂತ ಒಂದು ಮಾತು ಹೇಳೋಕೆ ನಿಮಗೇನು ಧಾಡಿಯಾಗಿತ್ತು?"

"ಕೇಳಿಸ್ತು," ಎಂದರು ಮೇಸ್ತ್ರಿ.